ಲವಂಗದ ವಾಸನೆಯ ಯೀಸ್ಟ್

೧೯೯೭ರ ಜನವರಿ. ಹಳೇ ಮದ್ರಾಸ್ ರಸ್ತೆಯಲ್ಲಿ, ಕೃಷ್ಣರಾಜಪುರದ ಕಡೆಗಿದ್ದ ಒಂದು ಬಿಯರ್ ಕಾರ್ಖಾನೆಯ ಲ್ಯಾಬಿನಲ್ಲಿ ನಾನು ಮೈಕ್ರೋಬಯಾಲಜಿಸ್ಟ್ ಆಗಿದ್ದೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಗ್ಯಾಸನ್ನೂ ಬಿಡುವುದರಿಂದ ಬಿಯರ್ ಆಗುತ್ತದೆ. ನಮ್ಮಲ್ಲಿ ಬಳಸುತ್ತಿದ್ದದ್ದು ಒಂದೇ ತಳಿಯ ಯೀಸ್ಟ್. ಅದರೊಳಗೆ ಬೇರೇನೂ ಬೆರೆಯದಂತೆ ಕಾಯುವುದು ನನ್ನ ಕೆಲಸ.

ಆ ತಿಂಗಳು ಪಬ್‌ಗಳಿಂದ ಡ್ರಾಫ್ಟ್ ಬಿಯರಿನ ಸ್ಟೀಲ್ ಪೀಪಾಯಿಗಳು, ಅಂದರೆ ಕೆಗ್‌ಗಳು ವಾಪಸ್ ಬರತೊಡಗಿದವು. ನಲ್ಲಿ ತಿರುಗಿಸಿದರೆ ಬರೀ ನೊರೆ. ಬಿಯರ್ ನೀರು ನೀರು, ಮೇಲೆ ಲವಂಗದ ವಾಸನೆ ಬೇರೆ.

ಬಿಯರ್ ತಯಾರಿಕೆಯ ಮುಖ್ಯಸ್ಥ, ಹೆಡ್ ಬ್ರೂವರ್, ಕುಕ್ ಟೌನಿನ ಡೆಸ್ಮಂಡ್. ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದವರೇ ಅವರು. ಕೆಗ್ ಒಂದನ್ನು ಮೂಸಿ ನೋಡಿ ಹತ್ತೇ ನಿಮಿಷದಲ್ಲಿ ತೀರ್ಪು ಕೊಟ್ಟರು: ಟ್ಯಾಂಕುಗಳಿರುವ ನೆಲಮಾಳಿಗೆಯ, ಅಂದರೆ ಸೆಲ್ಲಾರಿನ, ಕೆಲಸಗಾರ ಮುನಿಯಪ್ಪ ಬಿಯರ್ ಹಾಯುವ ರಬ್ಬರ್ ಪೈಪುಗಳನ್ನು ತೊಳೆದಿಲ್ಲ. ಅದನ್ನೇ ಲ್ಯಾಬಿನ ರಿಪೋರ್ಟ್ ಎಂದು ಟೈಪ್ ಮಾಡಿಸಿ ನನ್ನ ಮುಂದೆ ಇಟ್ಟರು. ಸಹಿ ಹಾಕಿದೆ. ಅಂದು ಸಂಜೆಯೇ ಮುನಿಯಪ್ಪ ಸಸ್ಪೆಂಡ್ ಆದರು.

ಮರುದಿನ ಬೆಳಿಗ್ಗೆ ಅವರು ಲ್ಯಾಬಿನ ಬಾಗಿಲಿಗೆ ಬಂದು ನಿಂತರು.

"ಮೇಡಂ, ಪೈಪನ್ನ ಟೆಸ್ಟ್ ಮಾಡಿ ನೋಡಿದ್ರಾ?"

"ಇಲ್ಲ."

"ನೋಡ್ದೇನೇ ಸೈನ್ ಹಾಕ್ಬಿಟ್ರಾ? ಹದಿನೇಳು ವರ್ಷ ತೊಳ್ದಿದೀನಿ ಕಣ್ರೀ ಆ ಪೈಪನ್ನ!"

ಕಾವಲುಗಾರ ಅವರ ತೋಳು ಹಿಡಿದು ಎಳೆದುಕೊಂಡು ಹೋದ. ಮುಖ ಎತ್ತಲಾಗದೆ ಪೈಪಿನ ಸ್ಯಾಂಪಲ್ ತರಲು ಸೆಲ್ಲಾರಿಗೆ ಇಳಿದೆ.

ಪರೀಕ್ಷೆಗೆ ನಾಲ್ಕು ದಿನ ಹಿಡಿಯಿತು. ಪೈಪಿನಿಂದ ತೆಗೆದ ಸ್ಯಾಂಪಲ್‌ನಲ್ಲಿ ಏನೂ ಬೆಳೆಯಲಿಲ್ಲ. ಕೆಗ್‌ನ ಬಿಯರನ್ನು ಬರೀ ಪಿಷ್ಟವಿದ್ದ ಗಾಜಿನ ಪ್ಲೇಟಿಗೆ ಹಾಕಿದ್ದೆ. ನಮ್ಮ ಯೀಸ್ಟ್ ಪಿಷ್ಟ ತಿನ್ನಲಾರದು. ಆದರೂ ಆ ಪ್ಲೇಟಿನ ತುಂಬ ಯೀಸ್ಟ್ ಬೆಳೆದಿತ್ತು. ಬಿಯರಿಗೆ ಗಟ್ಟಿತನ ಕೊಡಲೆಂದು ಉಳಿಯುವ ಪಿಷ್ಟದ ಚೂರುಗಳನ್ನು ಈ ಹೊರಗಿನ ಯೀಸ್ಟ್ ಕೆಗ್‌ನೊಳಗೇ ಕೂತು ತಿಂದು ಗ್ಯಾಸ್ ಬಿಡುತ್ತಿತ್ತು. ಬಿಯರ್ ನೀರಾಗಿದ್ದಕ್ಕೂ ನೊರೆ ಉಕ್ಕಿದ್ದಕ್ಕೂ ಅದೇ ಕಾರಣ.

ಆ ಲವಂಗದ ವಾಸನೆ ನನಗೆ ಹೊಸದಾಗಿರಲಿಲ್ಲ. ಕ್ರಿಸ್‌ಮಸ್ಸಿಗೆ ಡೆಸ್ಮಂಡ್ ತಾವು ಮನೆಯಲ್ಲಿ ಕದ್ದುಮುಚ್ಚಿ ಮಾಡಿದ ಬಿಯರನ್ನು ಲ್ಯಾಬಿನವರಿಗೆಲ್ಲ ಒಂದೊಂದು ಬಾಟಲಿ ಕೊಟ್ಟಿದ್ದರು. ತಂಗಿ ಬೆಲ್ಜಿಯಂನಿಂದ ತಂದ ಅಪರೂಪದ ಯೀಸ್ಟ್, ಇಂಡಿಯಾದಲ್ಲಿ ಯಾರ ಹತ್ತಿರವೂ ಇಲ್ಲ ಎಂದು ಹೇಳುವಾಗ ಅವರ ಮುಖ ಅರಳಿತ್ತು. ಉಳಿದವರು ಬಾಟಲಿ ತೆರೆದಾಗ ಲ್ಯಾಬಿನ ತುಂಬ ಇದೇ ವಾಸನೆ ಹರಡಿತ್ತು. ನಾನು ಕುಡಿಯುವವಳಲ್ಲ. ನನ್ನ ಬಾಟಲಿ ಲ್ಯಾಬಿನ ಫ್ರಿಜ್ಜಿನಲ್ಲೇ ಇತ್ತು. ತಳದಲ್ಲಿದ್ದ ಗಸಿಯನ್ನು ಪ್ಲೇಟಿಗೆ ಹಾಕಿದೆ. ಅದೇ ಯೀಸ್ಟ್ ಬೆಳೆಯಿತು.

ಆದರೆ ಅದು ಕುಕ್ ಟೌನಿನ ಅವರ ಮನೆಯಿಂದ ಕಾರ್ಖಾನೆಯೊಳಗೆ ಬಂದದ್ದು ಹೇಗೆ? ಕೇಳಲು ಮುನಿಯಪ್ಪನವರ ಮನೆಗೆ ಹೋದೆ. ಅವರು ಒಳಗೆ ಕರೆಯಲಿಲ್ಲ.

"ಐದು ಲೀಟರ್ ಸ್ಟೀಲ್ ಕ್ಯಾನು. ಶನಿವಾರ ಡೆಸ್ಮಂಡ್ ಸಾಹೇಬ್ರ ಕಾರಲ್ಲಿ ಹೋಗ್ತಿತ್ತು, ಸೋಮವಾರ ವಾಪಸ್ ಬರ್ತಿತ್ತು. ಸೆಲ್ಲಾರಲ್ಲಿ ಎಲ್ಲಾರ್ಗೂ ಗೊತ್ತು. ನೀವು ಕೇಳಿದ್ರೆ ತಾನೇ?"

ಕಾರ್ಖಾನೆಯ ಹೊಸ ಯೀಸ್ಟನ್ನು ಬೆಳೆಸುತ್ತಿದ್ದದ್ದು ಆ ಕ್ಯಾನಿನಲ್ಲೇ; ವಾರದ ಕೊನೆಗೆ ಡೆಸ್ಮಂಡ್ ಮನೆಯಲ್ಲಿ ತಮ್ಮ ಯೀಸ್ಟನ್ನೂ ಅದರಲ್ಲೇ ಬೆಳೆಸುತ್ತಿದ್ದರು. ಕಾರ್ಖಾನೆಗೆ ಮರಳಿ ನಾನು ಅದರ ಮುಚ್ಚಳದ ರಬ್ಬರ್ ವಾಷರನ್ನು ಬಿಚ್ಚಿದೆ. ಕೆಳಗೆ ಬೆಳ್ಳಗೆ ಲೋಳೆ ಕಟ್ಟಿತ್ತು. ಮೂಸಿದರೆ ಲವಂಗ. ಅದನ್ನೂ ಪ್ಲೇಟಿಗೆ ಹಾಕಿದೆ; ಅದೇ ಯೀಸ್ಟ್ ಬಂತು.

ಕೆಗ್, ಬಾಟಲಿ, ಕ್ಯಾನು, ಈ ಮೂರರ ಪ್ಲೇಟುಗಳನ್ನೂ ಡೆಸ್ಮಂಡ್ ಅವರ ಮೇಜಿನ ಮೇಲಿಟ್ಟೆ. ಅವರು ಬಾಟಲಿಯ ಪ್ಲೇಟನ್ನು ಕೈಗೆತ್ತಿಕೊಂಡರು.

"ಪ್ರೀತಿಯಿಂದ ಕೊಟ್ಟ ಬಾಟ್ಲೀನ ತಗೊಂಡು ಪ್ಲೇಟಿಗೆ ಹಾಕಿದ್ಯಾ? ಥೂ! ಟೆಸ್ಟ್ ಮಾಡೋದು ನಿಂಗೆ ಕಲಿಸಿದ್ಯಾರು?"

"ನೀವೇ ಸಾರ್. ಅದಕ್ಕೇ ಸರಿಯಾಗಿ ಬಂದಿದೆ."

"ಹಳೇ ರಿಪೋರ್ಟಲ್ಲಿ ನಿನ್ನ ಸೈನ್ ಇದೆ, ನೆನಪಿರಲಿ. ನಾನು ಮುಳುಗಿದ್ರೆ ನಿನ್ನನ್ನೂ ಎಳ್ಕೊಂಡೇ ಮುಳುಗ್ತೀನಿ."

ಮಾತು ಸುಳ್ಳಾಗಿರಲಿಲ್ಲ. ಪರೀಕ್ಷೆ ಮಾಡದೆ ಸಹಿ ಹಾಕಿದೆ ಎಂದು ನಾನೇ ಬರೆದು, ಹೊಸ ರಿಪೋರ್ಟಿನ ಜೊತೆ ಜನರಲ್ ಮ್ಯಾನೇಜರಿಗೆ ಕೊಟ್ಟೆ. ನನಗೆ ವಾರ್ನಿಂಗ್ ಲೆಟರ್ ಬಂತು. ಡೆಸ್ಮಂಡ್ ರಾಜೀನಾಮೆ ಕೊಡಬೇಕಾಯಿತು. ಎರಡು ಟ್ಯಾಂಕುಗಳ ಬಿಯರನ್ನು ಚರಂಡಿಗೆ ಬಿಟ್ಟು, ಪೈಪುಗಳಿಗೆಲ್ಲ ಹಬೆ ಹಾಯಿಸಿದೆವು. ವರ್ಷಗಳ ನಂತರ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಡೆಸ್ಮಂಡ್ ಎದುರಾದರು. ನನ್ನನ್ನು ಕಂಡವರೇ ಮುಖ ತಿರುಗಿಸಿ ಬೇರೆ ದಾರಿ ಹಿಡಿದರು. ನನಗೂ ಕರೆಯಬೇಕೆನಿಸಲಿಲ್ಲ.

ಮುನಿಯಪ್ಪನವರನ್ನು ಸಸ್ಪೆಂಡ್ ಮಾಡಿದ ಹನ್ನೊಂದು ದಿನಗಳ ನಂತರ ಕೆಲಸಕ್ಕೆ ವಾಪಸ್ ಕರೆದರು. ಅವರು ಸೆಲ್ಲಾರ್ ಬೇಡವೆಂದು ಬಾಟ್ಲಿಂಗ್ ವಿಭಾಗ ಕೇಳಿ ಪಡೆದರು. ಕ್ಷಮೆ ಕೇಳಲು ಹೋದಾಗ ಯಂತ್ರದಿಂದ ಕಣ್ಣು ತೆಗೆಯದೆ ಹೇಳಿದರು: "ಕೆಲಸ ವಾಪಸ್ ಕೊಡಿಸಿದ್ರಿ, ಸರಿ. ಕಿತ್ಕೊಂಡಿದ್ದೂ ನೀವೇ ಅಲ್ವಾ? ಹೋಗಿ ಮೇಡಂ, ಲೈನ್ ಓಡ್ತಾ ಇದೆ."

ಲ್ಯಾಬಿನ ಸಹಿ ಇರುವುದು ಕಣ್ಣಾರೆ ಕಂಡದ್ದಕ್ಕೆ, ಮೇಲಿನವರ ಅಭಿಪ್ರಾಯಕ್ಕಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇದನ್ನೇ. ಆ ಪಾಠ ನಾನು ಕಲಿಯುವಷ್ಟು ದಿನ ಮುನಿಯಪ್ಪ ಮಾಡದ ತಪ್ಪು ಹೊತ್ತು ತಮ್ಮ ಊರಿನಲ್ಲಿ ತಲೆ ತಗ್ಗಿಸಿ ಓಡಾಡಿದ್ದರು.