ಲಂಗರಿನ ಅಪ್ಪಲಸ್ವಾಮಿ ಅಣ್ಣ

ಅಪ್ಪಲಸ್ವಾಮಿ ಅಣ್ಣನಿಗೆ ಒಂದು ಪಾವು ಅಕ್ಕಿಯ ಅನ್ನ ಮಾಡಲು ಬರುತ್ತಿರಲಿಲ್ಲ. ಮೂಟೆ ಅಕ್ಕಿ ಕೊಟ್ಟು ನೋಡಿ, ಒಂದಗುಳು ಮುದ್ದೆಯಾಗದ ಹಾಗೆ ಬೇಯಿಸಿ, ಬಸಿದು, ಚಾಪೆಯ ಮೇಲೆ ಮಲ್ಲಿಗೆ ಹರಡಿದಂತೆ ಹರಡುತ್ತಿದ್ದ. ಇಬ್ಬರಿಗೆ ಮಾಡು ಎಂದರೆ ಮಾತ್ರ ಕೈಕಾಲು ಆಡುತ್ತಿರಲಿಲ್ಲ. ಉಪ್ಪನ್ನು ಬೊಗಸೆಯಲ್ಲಿ ಎತ್ತಿ ರೂಢಿಯಾದವನಿಗೆ ಚಿಟಿಕೆ ಎಂದರೆ ಏನು ಗೊತ್ತು? ಒಮ್ಮೆ ಅವನ ಹೆಂಡತಿ ಸತ್ಯವತಿ ತವರಿಗೆ ಹೋದಾಗ ತನಗೊಬ್ಬನಿಗೇ ಎಂದು ಪಪ್ಪು, ಅಂದರೆ ಬೇಳೆ, ಬೇಯಿಸಲು ಕೂತವನು, ಮಧ್ಯಾಹ್ನದ ಹೊತ್ತಿಗೆ ಬಕೆಟ್ ಹಿಡಿದುಕೊಂಡು ನಮ್ಮ ಬೀದಿಯ ಮನೆ ಮನೆಗೂ ಬಂದ.

"ಒಬ್ಬನಿಗೇ ಮಾಡಿದ್ದು ಚೆಲ್ಲೆಮ್ಮಾ. ಹೆಂಗೋ ಬೆಳೆದುಬಿಡ್ತು. ಒಂದು ಪಾತ್ರೆ ಕೊಡು."

ಚೆಲ್ಲೆಮ್ಮ ಎಂದರೆ ತೆಲುಗಿನಲ್ಲಿ ತಂಗಿ. ಒಡಹುಟ್ಟಿದವರು ಕರೆದದ್ದಕ್ಕಿಂತ ಹೆಚ್ಚು ಸಲ ಅವನು ನನ್ನನ್ನು ಹಾಗೆ ಕರೆದಿದ್ದಾನೆ.

ಅವನು ಮಿಲಿಟರಿಯಲ್ಲಿ ಅಡುಗೆಯವನಾಗಿದ್ದ. ಮಿಲಿಟರಿಯವರು ಅಡುಗೆಮನೆಗೆ ಲಂಗರ್ ಅನ್ನುತ್ತಾರೆ. ಹಿಮದ ಬೆಟ್ಟದಲ್ಲೂ ಮರಳುಗಾಡಿನಲ್ಲೂ ಒಲೆ ಹಚ್ಚಿದ್ದ. ಬೆಂಗಳೂರಿನಲ್ಲಿ ಬಹಳ ವರ್ಷ ಇದ್ದುದರಿಂದ ಕನ್ನಡ ಬರುತ್ತಿತ್ತು. ಬ್ಯಾರಕ್ಕಿನಲ್ಲಿ ಕಲಿತ ಕನ್ನಡ, ಅದರಲ್ಲಿ ಗೌರವದ ಬಹುವಚನವೇ ಇರಲಿಲ್ಲ. ಬ್ಯಾಂಕ್ ಮ್ಯಾನೇಜರ್ ಬಂದರೂ "ಬಾರಪ್ಪ, ಕೂತ್ಕೋ, ತಿನ್ನು." ಪಿಂಚಣಿಯಾದ ಮೇಲೆ ವಿಶಾಖಪಟ್ಟಣದ ಪಕ್ಕದ ಗಾಜುವಾಕದಲ್ಲಿ ನಮ್ಮ ಬೀದಿಯ ತುದಿಗೆ ಒಂದು ಶೆಡ್ಡು ಹಾಕಿ, ಬಂದರಿನ ಲಾರಿಯವರಿಗೆ, ಸ್ಟೀಲ್ ಪ್ಲಾಂಟಿನ ಕೆಲಸದವರಿಗೆ ಊಟ ಹಾಕುತ್ತಿದ್ದ. ಅಷ್ಟು ಜನಕ್ಕಾದರೆ ಅವನ ಕೈ ನೆಟ್ಟಗಾಗುತ್ತಿತ್ತು.

ನಮ್ಮ ಮನೆಯಲ್ಲಿ ಈಗ ಮೊಮ್ಮಗಳು ಹುಟ್ಟಿದ್ದಾಳೆ. ಅಯ್ಯೋ, ಅವಳ ವಿಷಯ ಎತ್ತಿದರೆ ನಾನು ನಿಲ್ಲಿಸುವವಳಲ್ಲ! ಬೆಳಿಗ್ಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದರೆ ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಾಳೆ. ಸಾಂಬ್ರಾಣಿ ಹೊಗೆ ತೋರಿಸಿದ್ದೇ ನಿದ್ದೆ. ಅವಳ ತಾತ, ನಮ್ಮ ಯಜಮಾನರು, ತೊಟ್ಟಿಲ ಪಕ್ಕ ಸ್ಟೂಲು ಹಾಕಿಕೊಂಡು ಕೂತು ನೋಡಿದ್ದನ್ನೇ ನೋಡುತ್ತಾರೆ. ಅವರು ಹೀಗೆ ಮನೆಯಲ್ಲಿ ಕೂತಿರುವುದನ್ನು ಕಂಡಾಗಲೆಲ್ಲ ನನಗೆ ಅಪ್ಪಲಸ್ವಾಮಿ ಅಣ್ಣ ನೆನಪಾಗುತ್ತಾನೆ. ಬರೆಯುವುದು ನನಗೆ ಅಷ್ಟಾಗಿ ಬಾರದು, ಓದಿದ್ದು ನಾಲ್ಕನೇ ಕ್ಲಾಸು. ಆದರೂ ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಅವನ ಕಥೆ ಹೇಳಿಯೇ ತೀರಬೇಕು.

ನಾವು ಮುಳಬಾಗಿಲ ಕಡೆಯವರು. ಯಜಮಾನರು ಮದುವೆಗೆ ಮುಂಚೆಯೇ ಮಿಲಿಟರಿ ಸೇರಿದ್ದರು. ನನ್ನ ಅಣ್ಣ ಸ್ಟೀಲ್ ಪ್ಲಾಂಟ್ ಕಟ್ಟುವ ಕಾಲದಲ್ಲಿ ಗಾರೆ ಕೆಲಸಕ್ಕೆ ಗಾಜುವಾಕಕ್ಕೆ ಬಂದ. ಮಗಳು ಗಿರಿಜೆಯನ್ನು ಕಟ್ಟಿಕೊಂಡು ನಾನೂ ಅವನ ಹಿಂದೆ ಬಂದು, ಒಂದು ಮನೆ ಬಾಡಿಗೆ ಹಿಡಿದು, ರವಿಕೆ ಹೊಲಿದು ಸಂಸಾರ ತೂಗಿಸಿದೆ. ಯಜಮಾನರು ವರ್ಷಕ್ಕೆ ಎರಡು ತಿಂಗಳು ರಜೆಯ ಮೇಲೆ ಬರುತ್ತಿದ್ದರು. ಬಂದಾಗ ಹಬ್ಬ. ಎರಡು ತಿಂಗಳಾಗುತ್ತಲೇ ಕಪ್ಪು ಟ್ರಂಕು ಹೊತ್ತು ವಿಜಯವಾಡಕ್ಕೆ ಹೋಗಿ, ಅಲ್ಲಿಂದ ಉತ್ತರದ ಗಾಡಿ ಹಿಡಿಯುತ್ತಿದ್ದರು. ಗಿರಿಜೆಗೆ ಅಪ್ಪ ಎಂದರೆ ಮಿಠಾಯಿ ತರುವ ನೆಂಟ.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಅವರು ಶಾಂತಿಪಡೆಯ ಜೊತೆ ಲಂಕೆಗೆ ಹೋದರು. ಅಲ್ಲಿ ಭುಜಕ್ಕೆ ಗಾಯವಾಯಿತು. ಮಿಲಿಟರಿ ಆಸ್ಪತ್ರೆಯಲ್ಲಿದ್ದು, ಪಿಂಚಣಿಯಾಗಿ ಮನೆಗೆ ಬಂದರು. ಭುಜ ಮಾಯ್ದಿತ್ತು. ಮನುಷ್ಯ ಮಾತ್ರ ಬಂದಿರಲಿಲ್ಲ. ರಾತ್ರಿಯೆಲ್ಲ ಬೂಟು ಹಾಕಿಕೊಂಡೇ ಬಾಗಿಲಿಗೆ ಮುಖ ಮಾಡಿ ಕೂತಿರುತ್ತಿದ್ದರು. ಊಟ ಹಾಕಿದರೆ ತಟ್ಟೆ ತೊಳೆದು, ಒರೆಸಿ, ಚೀಲದಲ್ಲಿಟ್ಟುಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ರಸ್ತೆಯಲ್ಲಿ ಲಾರಿ ಟೈರು ಸಿಡಿಯಿತು. ಓದುತ್ತಾ ಕೂತಿದ್ದ ಗಿರಿಜೆಯನ್ನು ಎಳೆದು ಮಂಚದ ಕೆಳಗೆ ತಳ್ಳಿ, ಅವಳ ಮೇಲೆ ಅಡ್ಡ ಬಿದ್ದರು. ಹುಡುಗಿ ಮೊದಲು ನಕ್ಕಳು, ಆಮೇಲೆ ಅಪ್ಪನ ಮೈ ನಡುಗುವುದು ತಿಳಿದು ಅತ್ತಳು. "ಅಮ್ಮಾ, ಇವರು ಇಲ್ಲೇ ಇರ್ತಾರಾ?" ಎಂದು ಕೇಳಿದಳು.

ಆಗ ಕಾಲಿಟ್ಟವನು ಅಪ್ಪಲಸ್ವಾಮಿ ಅಣ್ಣ. ಅವನ ಶೆಡ್ಡಿನ ಹಿಂದೆ ಸಂಜೆ ಹೊತ್ತು ಪಿಂಚಣಿಯಾಗಿ ಬಂದ ಸಿಪಾಯಿಗಳು ಸೇರುತ್ತಿದ್ದರು. ಯಾರನ್ನೂ ಏನಾಯಿತು ಎಂದು ಕೇಳುತ್ತಿರಲಿಲ್ಲ. ಹೊಸಬ ಬಂದರೆ ಕೈಗೆ ಒಂದು ಚಾಕು, ಮುಂದೆ ಒಂದು ಬುಟ್ಟಿ ಈರುಳ್ಳಿ. "ಇದನ್ನ ಮುಗಿಸು. ಕಣ್ಣಲ್ಲಿ ನೀರು ಬಂದ್ರೆ ಈರುಳ್ಳೀದು, ನಿಂದಲ್ಲ. ಧೈರ್ಯವಾಗಿ ಸುರಿಸು" ಅನ್ನುತ್ತಿದ್ದ. ಮೊದಲು ಮಿಲಿಟರಿಯಲ್ಲಿ ಮಾಡುವಂತೆ ಹಾಜರಿ ಕರೆಯುತ್ತಿದ್ದ. ಸೌಟು ತೋರಿಸಿ ಒಬ್ಬೊಬ್ಬನ ಹೆಸರು ಕೂಗುವುದು, ಅವನು "ಹಾಜರ್" ಅನ್ನುವುದು. ಬಾರದವನ ಮನೆಗೆ ಇಬ್ಬರನ್ನು ಓಡಿಸುತ್ತಿದ್ದ. "ಮನೇಲಿ ಆರ್ಡರ್ ಕೊಡೋರು ಯಾರೂ ಇರಲ್ಲ ಚೆಲ್ಲೆಮ್ಮಾ. ಇಷ್ಟು ವರ್ಷ ಎದ್ದೇಳು ಅಂದ್ರೆ ಎದ್ದು, ಮಲಗು ಅಂದ್ರೆ ಮಲಗಿದವನು ಇದ್ದಕ್ಕಿದ್ದಂತೆ ಏನು ಮಾಡ್ತಾನೆ?" ಎಂದು ನನಗೆ ಹೇಳಿದ.

ಯಜಮಾನರು ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಸರಿ, ದಿನಾ ಸಂಜೆ ಅವನೇ ನಮ್ಮ ಗೇಟಿಗೆ ಬಂದು ಕೂಗುತ್ತಿದ್ದ.

"ನಾಯಕ್ ಮುನಿಯಪ್ಪ!"

ನಾಯಕ್ ಎಂದರೆ ಮಿಲಿಟರಿಯಲ್ಲಿ ಇವರಿಗಿದ್ದ ದರ್ಜೆ. ಒಳಗಿಂದ ಇವರು, ಬಾಗಿಲು ತೆರೆಯದೆಯೇ, "ಹಾಜರ್!"

ಅಷ್ಟೇ. ಅವನು ಹೋಗುತ್ತಿದ್ದ. ಎದುರು ಮನೆಯ ಮುದುಕರು, ನಾವೆಲ್ಲ ಮಾವಗಾರು ಅನ್ನುತ್ತಿದ್ದವರು, ಜಗುಲಿಯಿಂದ ರೇಗಿಸುತ್ತಿದ್ದರು, "ಏಮಯ್ಯಾ, ನಮ್ಮ ಹೆಸರೂ ಕರಿ, ನಾವೂ ಇದ್ದೀವಲ್ಲ!" ಅಣ್ಣ ತಿರುಗಿ, "ನೀನು ಎಲ್ಲೂ ಹೋಗಿಲ್ಲವಲ್ಲ ತಾತಾ, ನಿನ್ನನ್ಯಾಕೆ ಕರೀಲಿ?" ಅನ್ನುತ್ತಿದ್ದ.

ಒಂದು ಸಂಜೆ ಅವನು ಕೂಗಿದ. ಒಳಗಿಂದ ಸದ್ದಿಲ್ಲ. ಹೊಲಿದ ರವಿಕೆ ಕೊಡಲು ಹೋಗಿದ್ದ ನಾನು ಅದೇ ಆಗ ಮನೆಗೆ ಬಂದಿದ್ದೆ. ನೋಡಿದರೆ ಮಂಚದ ಕೆಳಗಿನ ಟ್ರಂಕು ಇಲ್ಲ. ಗೂಟದಲ್ಲಿದ್ದ ಖಾಕಿ ಪ್ಯಾಂಟೂ ಇಲ್ಲ. ಸಮುದ್ರದ ಕಡೆಗೇನಾದರೂ ಹೋದರೋ ಎಂದು ಅಳುತ್ತಾ ಹೊರಟವಳನ್ನು ಅಣ್ಣ ತಡೆದ.

"ಸಾಯೋನು ಟ್ರಂಕು ತಗೊಂಡು ಹೋಗಲ್ಲ. ನಿಲ್ಲು. ಅವನು ಮನೆಗೆ ಬಂದು ಎಷ್ಟಾಯ್ತು?"

ನಾನು ಲೆಕ್ಕ ಹಾಕಿದೆ. ಎರಡು ತಿಂಗಳು ತುಂಬಿತ್ತು.

"ಅದೇ. ರಜಾ ಮುಗೀತು ಅವನಿಗೆ. ತಲೆ ಮರೆತ್ರೂ ಕಾಲು ಮರೆಯಲ್ಲ. ವಿಜಯವಾಡದಲ್ಲಿ ಸಿಗ್ತಾನೆ, ಬಾ" ಎಂದ. ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡು, "ಪಿಂಚಣಿ ಆದ್ಮೇಲೆ ನಾನೂ ಹಿಂಗೇ ನಾಗಪುರದವರೆಗೂ ಹೋಗಿದ್ದೆ. ಸತ್ಯವತಿ ಇನ್ನೂ ಬೈತಾಳೆ" ಎಂದ.

ಗಿರಿಜೆಯನ್ನು ಸತ್ಯವತಿಯ ಹತ್ತಿರ ಬಿಟ್ಟು ಸಿಕ್ಕಿದ ಗಾಡಿ ಹತ್ತಿದೆವು. ಬೆಳಗಾಗುವ ಹೊತ್ತಿಗೆ ವಿಜಯವಾಡ. ಅಣ್ಣ ಅತ್ತಿತ್ತ ಹುಡುಕಲೇ ಇಲ್ಲ, ನೇರವಾಗಿ ಮಿಲಿಟರಿಯವರ ಕೌಂಟರಿನ ಮುಂದೆ ಹೋದ. ಅಲ್ಲೇ ಇದ್ದರು. ಖಾಕಿ ಪ್ಯಾಂಟಿಗೆ ಇಸ್ತ್ರಿ, ಬೂಟಿಗೆ ಪಾಲಿಶು, ಟ್ರಂಕಿನ ಮೇಲೆ ನೆಟ್ಟಗೆ ಕೂತಿದ್ದರು. ನನ್ನನ್ನು ನೋಡಿ, ರಜೆಯ ಕೊನೆಯ ದಿನ ಹೊರಡುವಾಗ ನಗುತ್ತಿದ್ದ ಹಾಗೆಯೇ ನಕ್ಕರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಸುಮ್ಮನಿರು ಎಂದು ಸನ್ನೆ ಮಾಡಿ ಅವರ ಪಕ್ಕ ನೆಲದ ಮೇಲೆ ಕೂತ.

"ಎಲ್ಲಿಗೆ ನಾಯಕ್?"

"ಯೂನಿಟ್‌ಗೆ ಅಣ್ಣಾ. ಪಾಸಿಲ್ಲ, ಬಿಡಲ್ಲ ಅಂತವ್ರೆ."

"ಅಲ್ಲೇನು ಕೆಲಸ ಬಾಕಿ?"

ಇವರು ಮೆಲ್ಲಗೆ, "ನಾನು ಪಹರೆ ನಿಂತಿದ್ದೆ. ಬದಲಿಯವನು ಬರಲಿಲ್ಲ. ಗುಂಡು ಬಿತ್ತು, ಎತ್ಕೊಂಡು ಹೋಗಿಬಿಟ್ರು. ಬದಲಿ ಬರ್ದೆ ಜಾಗ ಬಿಡಂಗಿಲ್ಲ ಅಲ್ವೇನಣ್ಣಾ? ಲಂಕೆಯಿಂದ ಎಲ್ಲಾರೂ ವಾಪಸ್ ಬಂದ್ರು ಅಂತ ನಂಗೂ ಗೊತ್ತು. ನಾನೇನು ಹುಚ್ಚನಲ್ಲ. ಆದ್ರೂ ಕಣ್ಣು ಮುಚ್ಚಿದ್ರೆ ಆ ಜಾಗ ಖಾಲಿ ಕಾಣ್ತದೆ" ಎಂದರು.

ನನಗೆ ಅಂದು ತಿಳಿಯಿತು. ನಮ್ಮ ಬಾಗಿಲಲ್ಲಿ ಬೂಟು ಹಾಕಿಕೊಂಡು ಕೂತವರು ಯಾವ ಬಾಗಿಲು ಕಾಯುತ್ತಿದ್ದರು ಎಂದು.

ಅಣ್ಣ ಎದ್ದ. ಲುಂಗಿ ಬಿಚ್ಚಿ ಬಿಗಿಯಾಗಿ ಉಟ್ಟುಕೊಂಡ. ನನ್ನ ಕೈಲಿದ್ದ ಛತ್ರಿ ಕಿತ್ತುಕೊಂಡು ಬಂದೂಕಿನಂತೆ ಹೆಗಲಿಗೇರಿಸಿ ಎದುರಿಗೆ ನಿಂತ. "ನಾಯಕ್ ಮುನಿಯಪ್ಪ! ನಿನ್ನ ಬದಲಿ ಬಂದಿದೀನಿ."

ಇವರಿಗೆ ನಗು ಬಂತು. "ಲಂಗರಿನೋರು ಪಹರೆ ನಿಲ್ತಾರೇನಣ್ಣಾ?"

"ನಿಂತಿದೀನಿ ಕಣಯ್ಯಾ. ಬೆಟ್ಟದ ಮೇಲೆ ಜನ ಸಾಲದೆ ಬಂದಾಗ ನಿಂತಿದೀನಿ. ಬೇಗ ರಿಪೋರ್ಟು ಕೊಡು, ನನ್ನ ಒಲೆ ಆರಿ ಹೋಯ್ತದೆ."

ಪೋರ್ಟರುಗಳು ಬುಟ್ಟಿ, ಮೂಟೆ ಇಳಿಸಿ ನೋಡುತ್ತಾ ನಿಂತರು. "ನಾಟಕಮಾ?" ಎಂದು ಯಾರೋ ಕೇಳಿದರು. ಯಜಮಾನರು ಎದ್ದು ನಿಂತರು. ಪಹರೆ ಬದಲಾಗುವಾಗ ಎಲ್ಲ ಸರಿಯಾಗಿದೆ ಎಂದು ಹೇಳಿ ಹೋಗುವುದು ಅವರ ಪದ್ಧತಿಯಂತೆ. ಇವರು ಅದನ್ನು ಹೇಳಲು ಹೋಗಿ ನಿಂತರು. "ಸರಿಯಿಲ್ಲ" ಎಂದರು. ಆಮೇಲೆ ಹಿಂದಿಯಲ್ಲಿ ಶುರುವಾಯಿತು. ನನಗೆ ಒಂದೊಂದು ಹೆಸರು ಮಾತ್ರ ತಿಳಿಯುತ್ತಿತ್ತು, ಜೊತೆಯಲ್ಲಿ ಚಹಾ ಕುಡಿದವರ ಹೆಸರು ಇರಬೇಕು. ಒಂದು ಗಾಡಿ ಬಂತು, ಜನ ಇಳಿದರು, ಗಾಡಿ ಹೋಯಿತು. ಇವರು ಹೇಳುತ್ತಲೇ ಇದ್ದರು. ಈರುಳ್ಳಿ ಇಲ್ಲದೆಯೇ ಕಣ್ಣೀರು ಸುರಿಯುತ್ತಿತ್ತು. ಅಣ್ಣ ಒಂದು ಸಲವೂ ಕೈ ಸಡಿಲಿಸದೆ, ಭುಜ ತಟ್ಟಲೂ ಹೋಗದೆ, ನೆಟ್ಟಗೆ ನಿಂತು ಕೇಳಿದ.

"ರಿಪೋರ್ಟು ಸಿಕ್ತು" ಎಂದ ಕೊನೆಗೆ. "ಜಾಗ ಈಗ ನಂದು. ನೀನು ಹೋಗಿ ಮಲಗು."

ನಂಬುತ್ತೀರೋ ಇಲ್ಲವೋ, ಅವರು ಅಲ್ಲೇ ಪ್ಲಾಟ್‌ಫಾರಂ ಮೇಲೆ ಬೂಟು ಬಿಚ್ಚಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟರು. ನೊಣ ಕೂತರೂ ಎಚ್ಚರವಿಲ್ಲ. ಮಧ್ಯಾಹ್ನದ ಗಾಡಿಯವರೆಗೆ ಅಣ್ಣ ಛತ್ರಿ ಹಿಡಿದು ಟ್ರಂಕಿನ ಪಕ್ಕ ನಿಂತೇ ಇದ್ದ. ಕೂತುಕೋ ಎಂದರೆ "ಡ್ಯೂಟಿ ಚೆಲ್ಲೆಮ್ಮಾ, ಡ್ಯೂಟಿ" ಎಂದ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳು. ಆ ವಾರವೇ ಅಣ್ಣ ಅವರನ್ನು ವಿಶಾಖಪಟ್ಟಣದ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಬೀದಿಯಲ್ಲಿ ಪಿಸುಗುಟ್ಟಿದರು, ಪಿಚ್ಚಿ ಡಾಕ್ಟರಂತೆ, ಹುಚ್ಚಿಗಂತೆ ಎಂದು. ಅಣ್ಣ ಮಾರನೆಯ ದಿನ ಊಟದ ಹೊತ್ತಿಗೆ, ಶೆಡ್ಡು ತುಂಬ ಜನ ಇರುವಾಗ, ತನ್ನ ಗುಳಿಗೆಯ ಪೊಟ್ಟಣ ಎತ್ತಿ ತೋರಿಸಿದ. "ನೋಡ್ರಪ್ಪಾ, ಇದನ್ನ ನಾನೂ ತಿಂತೀನಿ, ಅದೇ ಡಾಕ್ಟರು ಕೊಟ್ಟಿದ್ದು. ಹುಚ್ಚ ಮಾಡಿದ ಅನ್ನ ಬೇಡ ಅನ್ನೋರು ಏಳ್ರಿ." ಯಾರೂ ಏಳಲಿಲ್ಲ. ಅವತ್ತು ಮೀನಿನ ಪುಲುಸು.

ಅಲ್ಲಿಗೆ ಊಟಕ್ಕೆ ಬರುತ್ತಿದ್ದ ನಮ್ಮ ಕಡೆಯ ಬ್ಯಾಂಕ್ ಮ್ಯಾನೇಜರು ಒಬ್ಬರು ಇವರಿಗೆ ಬಂದೂಕು ಹಿಡಿದು ಬಾಗಿಲು ಕಾಯುವ ಕೆಲಸ ಕೊಡಲು ಬಂದರು. ನಾನು ಹಿಗ್ಗಿದೆ. ಅಣ್ಣ ಅಡ್ಡ ಬಂದ. "ಅದೊಂದು ಬೇಡಪ್ಪ. ಬಾಗಿಲು ಕಾದದ್ದು ಸಾಕು ಇವನು. ಒಳಗಡೆ ಏನಾದ್ರೂ ಇದ್ರೆ ಕೊಡು." ಅಟೆಂಡರ್ ಕೆಲಸ ಸಿಕ್ಕಿತು. ಮೂರು ನಾಲ್ಕು ವರ್ಷ ಏರುಪೇರು ಇದ್ದೇ ಇತ್ತು. ಕೆಟ್ಟ ದಿನ ಬಂದರೆ ತಾವೇ ಎದ್ದು ಶೆಡ್ಡಿಗೆ ಹೋಗಿ ಚಾಕು ಕೇಳುತ್ತಿದ್ದರು. ಎಷ್ಟೋ ಸಲ ಹಾಗೆ ಹೋದವರು ವಾಪಸ್ಸು ಬರುವಾಗ ಇನ್ನೊಬ್ಬ ಹೊಸಬನನ್ನು ನಮ್ಮ ಮನೆಗೆ ಕಾಫಿಗೆ ಕರೆತರುತ್ತಿದ್ದರು. ಗಿರಿಜೆ ಮೂಗು ಹಿಡಿದುಕೊಂಡು, "ಅಪ್ಪಾ, ಮನೆಯೆಲ್ಲಾ ಈರುಳ್ಳಿ" ಅನ್ನುತ್ತಿದ್ದಳು.

ಆಮೇಲೆ ಸತ್ಯವತಿ ತೀರಿಕೊಂಡಳು. ಅಣ್ಣನ ಮಂಡಿ ಸೋತಿತು. ಅವನ ಮಗಳು ವಿಜಯವಾಡಕ್ಕೆ ಕರೆದುಕೊಂಡು ಹೋದಳು. ಮೊಮ್ಮಗಳಿಗೆ ಮೂರು ತಿಂಗಳು ತುಂಬಿದಾಗ ಯಜಮಾನರು, "ಅಣ್ಣನಿಗೆ ತೋರಿಸ್ದೆ ಹೆಂಗೆ?" ಎಂದರು. ಬಾಣಂತಿ ಗಿರಿಜೆಯನ್ನೂ ಮಗುವನ್ನೂ ಹೊರಡಿಸಿಕೊಂಡು ಹೋದೆವು.

ಅಣ್ಣ ಮಂಚದ ಮೇಲೆ ದಿಂಬಿಗೊರಗಿದ್ದ. ಅಷ್ಟು ದೊಡ್ಡ ಮನುಷ್ಯ ಎಷ್ಟು ಚಿಕ್ಕವನಾಗಿದ್ದ! ಮಗುವನ್ನು ಮಡಿಲಲ್ಲಿ ಇಟ್ಟರೆ ಹೆದರಿಕೊಂಡ. "ಇಷ್ಟು ಸಣ್ಣದನ್ನ ನಾನು ಯಾವತ್ತೂ ಹಿಡಿದಿಲ್ಲ, ತಗೊಳ್ರಿ, ತಗೊಳ್ರಿ." ಆದರೆ ಕೊಡಲಿಲ್ಲ. ಮಗು ಅವನ ಬೆರಳು ಹಿಡಿದುಕೊಂಡಿತ್ತು. ಇವರ ಕಡೆ ತಿರುಗಿ ಕೇಳಿದ, "ನಿದ್ದೆ ಬರುತ್ತೇನೋ ತಮ್ಮುಡೂ?"

"ಎಲ್ಲಿ ಅಣ್ಣಾ? ಈ ರಾಕ್ಷಸಿ ಬಿಟ್ರಲ್ವಾ? ರಾತ್ರಿ ಎಲ್ಲಾ ಎತ್ಕೊಂಡು ತಿರುಗಬೇಕು."

ಅಣ್ಣ ನಕ್ಕ. ಕೆಮ್ಮು ಬರುವವರೆಗೂ ನಕ್ಕ, ಕೆಮ್ಮಿ ಮತ್ತೆ ನಕ್ಕ. ಅವನ ಮಗಳು ಒಳಗಿಂದ ಓಡಿ ಬಂದು, "ಏಮೈಂದಿ ನಾನ್ನಾ?" ಏನಾಯ್ತಪ್ಪಾ ಎಂದು ಗಾಬರಿಯಾದಳು. ರಾತ್ರಿ ಇದ್ದು ಹೋಗುತ್ತೇವೆ ಎಂದರೆ ಒಪ್ಪಲಿಲ್ಲ. "ಬಾಣಂತಿ, ಹಸುಗೂಸು, ಈ ಬಿಸಿಲು. ಬುದ್ಧಿ ಇದೆಯಾ ನಿಂಗೆ? ಹೊರಡ್ರಿ, ಹೊರಡ್ರಿ" ಎಂದು ಗದರಿಸಿ ಕಳಿಸಿದ. ಅದೇ ಕೊನೆ. ದಸರೆಗೆ ಮುಂಚೆ ಹೋಗಿಬಿಟ್ಟನೆಂದು ಸುದ್ದಿ ಬಂತು. ಯಜಮಾನರು ಹೋಗಿ ಹೆಗಲು ಕೊಟ್ಟು ಬಂದರು.

ಮಗುವನ್ನು ತೋರಿಸಿದ ಆ ದಿನ ಅವನ ಮನೆಯಿಂದ ಸ್ಟೇಷನ್ನಿಗೆ ಬಂದು ಗಾಡಿ ಹತ್ತಿದಾಗ ಒಂದೇ ನೂಕುನುಗ್ಗಲು. ಗಿರಿಜೆಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಯಜಮಾನರು ಮಗುವನ್ನು ಹೆಗಲಿಗೆ ಹಾಕಿಕೊಂಡು, ಬೆವರು ಒರೆಸಿಕೊಳ್ಳಲೂ ಕೈ ಸಾಲದೆ ನಿಂತಿದ್ದರು. ಎದುರಿಗೆ ಕೂತಿದ್ದ ಒಬ್ಬ ಮುದುಕಿ ಸರಿದು ಜಾಗ ಮಾಡಿ ಕೊಟ್ಟು, ಮಾತಿಗೆ ಕೇಳಿದಳು, "ಎಕ್ಕಡಿಕಿ ಬಾಬೂ, ಇಂತ ಚಿನ್ನ ಪಾಪನಿ ತೀಸುಕುನಿ?" ಇಷ್ಟು ಸಣ್ಣ ಮಗುವನ್ನು ಹೊತ್ತುಕೊಂಡು ಎಲ್ಲಿಗಪ್ಪಾ ಎಂದು.

ಇವರು ಮಗುವಿನ ಕುಲಾವಿ ಸರಿಮಾಡುತ್ತಾ, ತಲೆ ಎತ್ತದೆಯೇ ಅಂದರು:

"ಇಂಟಿಕಮ್ಮಾ. ಮನೆಗೆ."