ಬಟ್ಟೆ ಹಿಡಿದು ಕಾಯುವ ಕೆಲಸ

ಕಳೆದ ವಾರ ನಾಲೆಗೆ ನೀರು ಬಿಟ್ಟರು. ತಿಂಗಳುಗಟ್ಟಲೆ ಒಣಗಿದ್ದ ನಾಲೆಗೆ ಮೊದಲ ನೀರು ಬಂದಾಗ ಒಂದು ವಾಸನೆ ಏಳುತ್ತದೆ ನೋಡಿ, ತರಗೆಲೆ, ಸಗಣಿ, ಬಿಸಿಮಣ್ಣು ಎಲ್ಲ ಸೇರಿದ್ದು. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಭಾವನ ಪಟ್ಟಾಪಟ್ಟಿ ಚಡ್ಡಿ ನೆನಪಾಗುತ್ತದೆ.

ಭಾವ ಎಂದರೆ ನನ್ನಕ್ಕನ ಗಂಡ, ಮಂಡ್ಯದ ಹತ್ತಿರದ ಕೊತ್ತತ್ತಿಯವರು. ನಮ್ಮ ಕಡೆ ನಾಲೆಯಲ್ಲಿ ಈಜುವುದೆಂದರೆ ಕೈಕಾಲು ಬಡಿಯುವ ಕೆಲಸವೇ ಅಲ್ಲ. ಮೇಲಿನ ಸೇತುವೆಯಿಂದ ಧುಮುಕಿ, ಮಂಚದ ಮೇಲೆ ಮಲಗಿದಂತೆ ಮಲಗಿಬಿಟ್ಟರೆ ನೀರೇ ಕರೆದೊಯ್ದು ಕೆಳಗಿನ ಸೇತುವೆಯ ಮೆಟ್ಟಿಲಿಗೆ ಬಿಡುತ್ತದೆ. ತೊಡಕು ಒಂದೇ: ಮನುಷ್ಯ ಕೆಳಗಿನ ಸೇತುವೆಯಲ್ಲಿ, ಬಟ್ಟೆ ಮೇಲಿನ ಸೇತುವೆಯಲ್ಲಿ. ಅದಕ್ಕೇ ಬಟ್ಟೆ ತೆಗೆದುಕೊಂಡು ಏರಿಯ ಮೇಲೆ ಸೈಕಲ್ಲಿನಲ್ಲಿ ಬರಲು ಒಬ್ಬ ಬೇಕು. ಈಜು ಬಾರದ, ಪಾದ ನೆನೆದರೇ ಬೆವರುವ ನಾನು ಆ ಹುದ್ದೆಗೆ ಹೇಳಿ ಮಾಡಿಸಿದವನು. ಮಂಡ್ಯದಲ್ಲಿ ಗುಮಾಸ್ತಗಿರಿ ಸಿಕ್ಕ ಮೇಲೂ ಭಾವನ ಬಟ್ಟೆ ಹೊರುವ ಭಾನುವಾರದ ಈ ಹುದ್ದೆ ಕೈಬಿಡಲಿಲ್ಲ.

ಕೆಲವು ವರ್ಷಗಳ ಹಿಂದೆ ಅಕ್ಕನ ಹಟಕ್ಕೆ ಮೂವರೂ ಕುಮಟಾ ಕಡೆಯ ಒಂದು ಕಡಲೂರಿಗೆ ಹೋದೆವು. ಎಂಥ ಸಾವಧಾನದ ಊರು ಅಂತೀರಿ. ಹೋಟೆಲಿನವನಿಗೆ ದೋಸೆ ಹೇಳಿದರೆ "ಮಾಡುವಾ" ಎಂದು ಹೇಳಿ ಸಮುದ್ರ ನೋಡುತ್ತಾ ನಿಲ್ಲುತ್ತಿದ್ದ. ದಂಡೆಯಲ್ಲಿ ಹುಟ್ಟು ಹಾಕುವ ಪುಟ್ಟ ದೋಣಿ, ಬಾಳೆಹಣ್ಣಿನಾಕಾರದ ರಬ್ಬರು ದೋಣಿ, ಎಲ್ಲ ಇದ್ದವು. ಅಕ್ಕ ಲೈಫ್ ಜಾಕೆಟ್ ತೊಟ್ಟು ಬಾಳೆಹಣ್ಣಿನ ಮೇಲೆ ಒಂದು ಸುತ್ತು ಹೋಗಿಬಂದು, ಇನ್ನೊಂದು ಸುತ್ತಿಗೆ ಸಾಲಿನಲ್ಲಿ ನಿಂತಳು. ಭಾವನಿಗೂ ಜಾಕೆಟ್ ಕೊಡಲು ಬಂದ ದೋಣಿಯವನಿಗೆ ಸಿಕ್ಕಿದ್ದು ಗದರಿಕೆ.

"ಕಾವೇರಿ ನೀರಲ್ಲಿ ಬೆಳ್ದೋನ್ಗೆ ಇದ ತೊಡುಸ್ತೀಯಾ? ಅದಿರ್ಲಿ, ಈ ನೀರು ಯಾವ್ ಕಡೀಕ್ ಓಯ್ತದೆ?"

"ಬರ್ತದೆ, ಹೋಗ್ತದೆ," ಎಂದ ದೋಣಿಯವನು.

ಭಾವನಿಗೆ ಇದು ಉತ್ತರ ಅಂತಲೇ ಅನ್ನಿಸಲಿಲ್ಲ. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಸೇತುವೆ ಇರಲಿಲ್ಲ. ಬಲಕ್ಕೆ ದೂರದಲ್ಲೊಂದು ಕರಿಬಂಡೆ ಕಂಡಿತು. ಪಂಚೆ, ಅಂಗಿ ಬಿಚ್ಚಿ ನನ್ನ ಕೈಗಿಟ್ಟು, "ಆ ಬಂಡೆತಾವ್ ನಿಂತಿರು ಕಣ್ಲಾ, ಬತ್ತೀನಿ" ಎಂದರು. ಈಗ ಹೇಳಲು ನಾಚಿಕೆ, ಆಗ ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬಟ್ಟೆ ಕೈಗೆ ಬಂದ ಕೂಡಲೇ ನನ್ನ ಕಾಲು ತಾನಾಗಿಯೇ ನಡೆಯುತ್ತದೆ.

ಬಂಡೆಯ ಬಳಿ ಅರ್ಧ ಗಂಟೆ ನಿಂತೆ. ಅಲೆಗಳು ಬಂದವು, ಭಾವ ಬರಲಿಲ್ಲ. ಅಕ್ಕನಿಗೆ ಏನು ಹೇಳಲಿ ಎಂಬ ಯೋಚನೆ ಬಂತು. ಬಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು "ಬಾವಾ, ಬಾವಾ" ಎನ್ನುತ್ತಾ ನೀರಿಗಿಳಿದೆ. ಮೊಣಕಾಲಾಯಿತು, ಸೊಂಟವಾಯಿತು. ಅಷ್ಟು ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ. ಒಂದು ಅಲೆ ಬಂದು ನನ್ನನ್ನೂ ಬಟ್ಟೆಯನ್ನೂ ಒಟ್ಟಿಗೆ ಮಗುಚಿಹಾಕಿತು. ಉಪ್ಪುನೀರು ಉಗಿಯುತ್ತಾ ಏಳುವಾಗ ದಡದಿಂದ ದನಿ ಬಂತು.

"ಬಟ್ಟೆ ನೆನೀತಾವೆ ಕಣ್ಲಾ."

ಪಟ್ಟಾಪಟ್ಟಿ ಚಡ್ಡಿಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಭಾವ ನಿಂತಿದ್ದರು, ಪಕ್ಕದಲ್ಲಿ ದೋಣಿಯವನು. ಮೂರು ಸಲ ಧುಮುಕಿದರೂ ಸಮುದ್ರ ಅವರನ್ನು ಹೊರಟ ಜಾಗಕ್ಕೇ ತಂದು ಹಾಕಿತ್ತಂತೆ. ನಾಲ್ಕನೆಯ ಸಲ ಬಂಡೆಗೆ ವಿರುದ್ಧ ದಿಕ್ಕಿಗೆ ಎಳೆದೊಯ್ದಾಗ ದೋಣಿಯವನು ಹೋಗಿ ಎತ್ತಿಕೊಂಡು ಬಂದಿದ್ದ.

ಒದ್ದೆ ಪಂಚೆ ಹಿಂಡುತ್ತಾ ಭಾವ ಮೆಲ್ಲಗೆ ಹೇಳಿದರು: "ನಿಮ್ಮಕ್ಕುಂಗ್ ಏಳ್ಬೇಡ. ನೀನ್ ಮುಂದೆ ನಿಂತಿರ್ತೀಯ ಅನ್ನೋ ಧೈರ್ಯುದ್ ಮ್ಯಾಲೆ ಕಣ್ಲಾ ನಾನ್ ಈಜೋದು. ನೀನ್ ಕಾಣ್ದೆ ಓದೇಟ್ಗೆ ಕೈಕಾಲೇ ಆಡ್ಲಿಲ್ಲ."

ಇಷ್ಟು ವರ್ಷ ನಾನು ಬರೀ ಬಟ್ಟೆಗೂಟ ಎಂದುಕೊಂಡಿದ್ದೆ. ಆ ಮಾತು ಕೇಳಿ ಮುಖ ತಿರುಗಿಸಿ ಕೆಮ್ಮಿದೆ. ಉಪ್ಪುನೀರು ಕುಡಿದಿದ್ದೆ ಎಂದು ನೆಪ ಹೇಳಿದೆ.

ಊರಿಗೆ ಬಂದವರೇ ಭಾವ ನನಗೆ ಈಜು ಕಲಿಸಲು ಹೊರಟರು. ಸೊಂಟಕ್ಕೆ ಲಾರಿ ಟ್ಯೂಬು ಸಿಕ್ಕಿಸಿಕೊಂಡು ತೇಲುವ ಗುಮಾಸ್ತನನ್ನು ನೋಡಲು ಬಟ್ಟೆ ಒಗೆಯುವ ಹೆಂಗಸರು ಕೈ ನಿಲ್ಲಿಸುತ್ತಿದ್ದರು. ಅಂತೂ ಇಷ್ಟು ವರ್ಷದ ಮೇಲೆ ಮೊನ್ನೆ ಭಾನುವಾರ, ನಾಲೆಯ ಹೊಸ ನೀರು ಸ್ವಲ್ಪ ತಿಳಿಯಾದಾಗ, ಮೊದಲ ಸಲ ಟ್ಯೂಬಿಲ್ಲದೆ ಮೇಲಿನ ಸೇತುವೆಯಿಂದ ಧುಮುಕಿದೆ. ನನ್ನ ಬಟ್ಟೆ ತೆಗೆದುಕೊಂಡು ಭಾವ ಸ್ಕೂಟರಿನಲ್ಲಿ ಮುಂದೆ ಹೋದರು. ದಾರಿಯಲ್ಲಿ ಭಯವಾಗಿ ಎರಡು ಕಡೆ ದಡದ ಬೇರು ಹಿಡಿದು ನಿಂತೆ. ತಡವಾಯಿತು.

ಕೆಳಗಿನ ಸೇತುವೆ ಕಂಡಿತು. ಮಂಡಿನೋವಿಗೆ ಮನೆಯ ಹೊಸ್ತಿಲು ದಾಟಲೂ ಗೊಣಗುವ ಭಾವ ಮೆಟ್ಟಿಲಿಳಿದು ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದರು. ನನ್ನ ಬಟ್ಟೆಗಂಟು ಅವರ ತಲೆಯ ಮೇಲಿತ್ತು.

"ಎಲ್ಲೋಗಿದ್ಲಾ?" ಎಂದರು.

ಅವರು ಚಾಚಿದ ಕೈ ಹಿಡಿದುಕೊಂಡು ಹೇಳಿದೆ, "ಬಟ್ಟೆ ನೆನೀತಾವೆ ಬಾವ."