ಅವ್ವ ಶಿಮ್ಲಾಗೆ ಗಂಟು ಕಟ್ಟಿದ ಕ್ರಮ

ನಮ್ಮೂರಿನಲ್ಲಿ ಈಗ ಚಲಾವಣೆಯಲ್ಲಿರುವ ಕತೆ ಹೀಗಿದೆ: ಮಗಳು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವಳು, ಮಾತಿನ ಮಲ್ಲಿ, ಪಾಪದ ಅವ್ವನನ್ನು ಬಾಯಲ್ಲೇ ಕಟ್ಟಿಹಾಕಿ ಶಿಮ್ಲಾಗೆ ಎಳೆದುಕೊಂಡು ಹೋದಳು. ಕೈಲಾಂಚದ ಬಸ್‌ಸ್ಟಾಪಿನಿಂದ ನಮ್ಮೂರ ಹಾಲಿನ ಡೈರಿಯವರೆಗೆ ಎಲ್ಲರೂ ಇದನ್ನೇ ಹೇಳುತ್ತಾರೆ. ನನ್ನ ಆಕ್ಷೇಪಣೆಗಳನ್ನು ದಾಖಲಿಸಿಕೊಳ್ಳಿ. ಮೊದಲನೆಯದಾಗಿ, ನನ್ನ ಅವ್ವನನ್ನು ವಾದದಲ್ಲಿ ಸೋಲಿಸಿದವರು ಇನ್ನೂ ಹುಟ್ಟಿಲ್ಲ. ಮೂರು ವರ್ಷ ತೀರ್ಪುಗಾರರ ಮುಂದೆ ಮೇಜು ಕುಟ್ಟಿದ ನಾನು, ಮೊಸರಿಗೆ ಹೆಪ್ಪು ಎಷ್ಟು ಹಾಕಬೇಕು ಎಂಬ ವಿಷಯದ ಮೇಲೂ ಮನೆಯಲ್ಲಿ ಗೆದ್ದಿಲ್ಲ. ಇನ್ನು ಅವಳು 'ಪಾಪದವಳು' ಎನ್ನುವುದು. ಅದು ಸುಳ್ಳೆನ್ನಲು ನನ್ನ ಬಳಿ ಸಾಕ್ಷ್ಯವಿದೆ, ಸಮಯ ಬಂದಾಗ ಹಾಜರುಪಡಿಸುತ್ತೇನೆ.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳ ಇರುವಷ್ಟು ದಿನ ಅವ್ವ ಊರು ಬಿಡುವುದಿಲ್ಲ. ಹುಳವೋ, ಹೆಚ್ಚುಕಡಿಮೆ ವರ್ಷವಿಡೀ ಇರುತ್ತದೆ. ಈ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಿರ್ಣಯ ತಾನಾಗಿಯೇ ಹೊರಡುತ್ತದೆ, ತರ್ಕಶಾಸ್ತ್ರ ಓದಬೇಕಿಲ್ಲ. ತನ್ನ ತಂಗಿಯ ಮನೆಯ ಗೃಹಪ್ರವೇಶಕ್ಕೂ ಅವಳು ಹುಳಕ್ಕೆ ಬೆಳಗಿನ ಹಿಪ್ಪುನೇರಳೆ ಸೊಪ್ಪು ಹಾಕಿ ಹೋಗಿ, ಸಂಜೆಯ ಸೊಪ್ಪಿನ ಹೊತ್ತಿಗೆ ವಾಪಸ್ಸು ಬಂದಿದ್ದಳು. ಒಂದು ಬೆಳೆ ಮುಗಿದು ಇನ್ನೊಂದು ಬರುವ ನಡುವೆ ಹುಳಮನೆಯನ್ನು ತೊಳೆದು, ಔಷಧಿ ಹೊಡೆದು, ಒಣಗಲು ಬಿಡುವ ಕೆಲವು ದಿನ ಮಾತ್ರ ಬಿಡುವು. ಕಾರ್ತಿಕದ ಕೊನೆಯ ಆ ಬಿಡುವಿಗೇ ಲೆಕ್ಕ ಹಾಕಿ ನಾನು ರೈಲಿನ ಟಿಕೆಟ್ ತೆಗೆಸಿದೆ.

ಬಯಲುಸೀಮೆಯ ಹೆಂಗಸಿಗೆ ಚಳಿಯ ಬಗ್ಗೆ ಏನು ಗೊತ್ತು ಎನ್ನಬೇಡಿ. ಕಾಲು ಶತಮಾನದಿಂದ ಅವಳ ಬದುಕು ಗೋಡೆಯ ಮೇಲಿನ ಉಷ್ಣಮಾಪಕದ ಕೆಳಗೆ ನಡೆದಿದೆ. ಇಪ್ಪತ್ತೈದು ಡಿಗ್ರಿ ಅವಳಿಗೆ ಸ್ವರ್ಗ. ಇಪ್ಪತ್ತಕ್ಕೆ ಇಳಿದರೆ ಇದ್ದಿಲ ಒಲೆ ಹೊತ್ತಿಸುತ್ತಾಳೆ. ಶಿಮ್ಲಾದ ವಿಷಯ ಎತ್ತಿದಾಗ ಅವಳು ಕೇಳಿದ್ದು ನೋಡುವಂಥದ್ದು ಏನಿದೆ ಎಂದಲ್ಲ.

"ಎಷ್ಟು ಡಿಗ್ರಿ ಇರ್ತದೆ ಅಲ್ಲಿ?"

"ಬೆಳಗ್ಗೆ ಹೊತ್ತು ಐದೋ ಆರೋ."

"ಐದಾ! ನಮ್ ಹುಳ ಆಗಿದ್ರೆ ಸೊಪ್ಪೇ ಮುಟ್ತಿರ್ನಿಲ್ಲ. ಆ ಜನ ಉಣ್ತಾರಾ?"

ಉಣ್ಣುತ್ತಾರೆ ಎಂದೆ. ಅವಳು ಒಪ್ಪಿದಂತೆ ಕಾಣಲಿಲ್ಲ. ಬೇಡ ಎಂದಳು, ಆಮೇಲೆ ನೋಡಾಣ ಎಂದಳು, ದೀಪಾವಳಿ ಕಳೆದ ಮೇಲೆ ನೋಡಾಣ ಎಂದಳು.

ಗಂಟು ಕಟ್ಟುವ ಕೆಲಸಕ್ಕೆ ಬರೋಣ. ಚಳಿಯೂರಿಗೆ ಹೋಗಲು ಉಣ್ಣೆ ಬೇಕು. ನಮ್ಮ ಮನೆಯಲ್ಲಿದ್ದ ಒಂದೇ ಸ್ವೆಟರ್ ಪೆಟ್ಟಿಗೆಯಿಂದ ಹೊರಬಂದಾಗ ಜರಡಿಯಂತಿತ್ತು, ಏಕೆಂದರೆ ಹುಳ ಸಾಕುವ ಮನೆಯಲ್ಲಿ ನುಸಿಗುಳಿಗೆ ಇಡುವಂತಿಲ್ಲ. ಸೊಳ್ಳೆ ಬತ್ತಿ, ಸೆಂಟು, ಹೊಗೆಸೊಪ್ಪು ಇವೂ ನಿಷಿದ್ಧ. ಘಾಟು ತಗುಲಿದರೆ ಹುಳ ಸಾಯುತ್ತದೆ. ರೇಷ್ಮೆ ಹುಳ ಮುಂದೆ ಪತಂಗವಾಗುವ ಜಾತಿಯದು, ಉಣ್ಣೆ ತಿನ್ನುವ ನುಸಿಯೂ ಹಾಗೆಯೇ. ದೊಡ್ಡ ನೆಂಟನಿಗೆ ಉಪಚಾರ ನಡೆಯುವ ಮನೆಯಲ್ಲಿ ಬಡ ನೆಂಟ ಸ್ವೆಟರ್ ತಿಂದುಕೊಂಡು ಸುಖವಾಗಿದ್ದ. ಚನ್ನಪಟ್ಟಣದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳಾದರೂ ನನಗಿದು ಹೊಳೆದದ್ದು ಆ ತೂತುಗಳ ಮೂಲಕ ಅಪ್ಪನ ಮುಖ ಕಂಡಾಗಲೇ.

ಹಾಗಾಗಿ ಉಣ್ಣೆ ಸಾಲ ತರಬೇಕಾಯಿತು. ನನ್ನ ಸಹೋದ್ಯೋಗಿ ನಸ್ರೀನ್ ರಾಮನಗರದವಳು. ಅವಳ ಅಣ್ಣ ರೇಷ್ಮೆ ನೂಲಿನ ವ್ಯಾಪಾರಕ್ಕೆ ಚಳಿಗಾಲದಲ್ಲೂ ಉತ್ತರಕ್ಕೆ ಹೋಗಿಬರುವವನು. ಅವರ ಮನೆಯಿಂದ ಎರಡು ಜಾಕೆಟ್, ಶಾಲು, ಕೈಗವಸು ಎಲ್ಲ ಬಂತು, ನುಸಿಗುಳಿಗೆಯ ವಾಸನೆಯ ಸಮೇತ. ಅವ್ವ ಅವನ್ನು ಹೊಸಿಲು ದಾಟಿಸಲಿಲ್ಲ. ಹಿತ್ತಲ ಆಚೆ, ಕೊಟ್ಟಿಗೆಗೂ ದೂರವಾಗಿ ಹಗ್ಗ ಕಟ್ಟಿ ಬಿಸಿಲಿಗೆ ಹರಡಿಸಿದಳು. ಒಂದು ವಾರ ನಮ್ಮ ಹಿತ್ತಲಲ್ಲಿ ಇಬ್ಬರು ಟೊಳ್ಳು ಮನುಷ್ಯರು ಕೈಚಾಚಿಕೊಂಡು ನೇತಾಡಿದರು.

ಆದರೆ ನನ್ನ ಉತ್ಸಾಹವನ್ನು ಹಗ್ಗದ ಮೇಲೆ ಹರಡುವುದು ಹೇಗೆ? ಒಂದು ಸಂಜೆ ತಡೆಯಲಾಗದೆ ಜಾಕೆಟ್ ತೊಟ್ಟೆ. ತೊಟ್ಟಮೇಲೆ ಕನ್ನಡಿ ಬೇಕಲ್ಲ. ನಮ್ಮ ಮನೆಯ ಕನ್ನಡಿ ಇರುವುದು ಹುಳಮನೆಯ ಬಾಗಿಲ ಪಕ್ಕದಲ್ಲಿ. ಹಿಮದಲ್ಲಿ ನಿಂತವಳಂತೆ ಕತ್ತು ವಾಲಿಸಿ ನೋಡಿಕೊಳ್ಳುತ್ತಿದ್ದಾಗ ಸೊಪ್ಪಿನ ಕುಕ್ಕೆ ಹೊತ್ತು ಅವ್ವ ಬಂದಳು.

"ಏಯ್, ಆಚೆ ನಡಿಯೇ! ಗುಳಿಗೆ ವಾಸ್ನೆ ಹೊತ್ಕಂಡು ಹುಳದ್ ಬಾಗ್ಲಿಗೆ ಬಂದಿದ್ದೀಯಲ್ಲ, ಇಸ್ಕೂಲಲ್ಲಿ ಮಕ್ಳಿಗೆ ಅದೇನ್ ಹೇಳ್ಕೊಡ್ತೀಯೋ!"

ಜಾಕೆಟ್ ಕಳಚುತ್ತಾ ಹಿತ್ತಲಿಗೆ ಓಡಿದೆ. ಅವ್ವ ರಾತ್ರಿಯ ಊಟದವರೆಗೂ ಹುಳ ಸಾಕುವ ತಟ್ಟೆ ತಟ್ಟೆ ಬಗ್ಗಿ ನೋಡಿದಳು. ಹುಳಗಳು ಸೊಪ್ಪು ಮೇಯುತ್ತಿದ್ದವು, ಸಣ್ಣ ಮಳೆಯಂಥ ಆ ಸದ್ದು ನಿಂತಿರಲಿಲ್ಲ. ಆಮೇಲೆಯೇ ನನಗೆ ಅನ್ನ ಬಡಿಸಿದ್ದು.

ಹುಳಗಳಿಗೆ ನನ್ನಿಂದ ತೊಂದರೆಯಾಗಲಿಲ್ಲ, ಚಳಿಯಿಂದ ಆಯಿತು. ಈ ಸಲ ಚಳಿ ಬೇಗ ಬಂತು. ರಾಮನಗರದ ಬಂಡೆಗಳು ಬೆಳಗ್ಗೆ ಎಂಟಾದರೂ ಮಂಜಿನೊಳಗೇ ಮಲಗಿರುತ್ತಿದ್ದವು. ಚಳಿಗೆ ಹುಳ ನಿಧಾನವಾಗುತ್ತದೆ. ಮೇವು ಕಡಿಮೆ, ಜ್ವರ ತಡ (ಪೊರೆ ಬಿಡುವ ಮೊದಲು ಹುಳ ಮಂಕಾಗಿ ಕೂರುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ). ಎಷ್ಟು ಇದ್ದಿಲು ಸುಟ್ಟರೂ ಬೆಳೆ ಐದಾರು ದಿನ ಹಿಂದೆ ಬಿತ್ತು. ನಾವು ಹೊರಡುವ ದಿನಕ್ಕೆ ಗೂಡು ಬಿಡಿಸಿ ಮುಗಿದಿರಬೇಕಿತ್ತು. ಈಗಿನ ಲೆಕ್ಕದಲ್ಲಿ ಅಂದು ಹುಳ ಹಣ್ಣಾಗಿ ಗೂಡು ಕಟ್ಟಲು ಹೊರಡುತ್ತದೆ. ಸಾವಿರಾರು ಹುಳಗಳನ್ನು ಒಂದೊಂದಾಗಿ ಆರಿಸಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿಗಳ ಮೇಲೆ ಬಿಡಬೇಕಾದ ದಿನ. ಬೆಳೆಯ ಪೂರ್ತಿ ಶ್ರಮ ನಿಂತಿರುವುದು ಆ ಒಂದು ದಿನದ ಮೇಲೆ. ಚಳಿ ನೋಡಲು ಹೊರಟವಳನ್ನು ಚಳಿಯೇ ಅಡ್ಡಗಟ್ಟಿತು.

"ನೀನೊಬ್ಳೇ ಹೋಗ್ಬಾ" ಎಂದಳು ಅವ್ವ.

ಆಶ್ಚರ್ಯವೆಂದರೆ, ಹಾಗೆನ್ನುತ್ತಲೇ ಗಂಟು ಕಟ್ಟುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬಟ್ಟೆಯನ್ನು ಬಿಗಿಯಾಗಿ ಸುರುಳಿ ಸುತ್ತಿದರೆ ಒಂದೇ ಬ್ಯಾಗು ಸಾಕು ಎಂದು ಮೊಬೈಲಿನಲ್ಲಿ ನೋಡಿ ಕಲಿತಿದ್ದೆ. ನಾನು ಸುತ್ತಿಟ್ಟದ್ದನ್ನೆಲ್ಲ ಅವಳು ಬಿಚ್ಚಿ, ಕೊಡವಿ, ಹಗುರವಾಗಿ ಇಳಿಬಿಟ್ಟಳು. ಮಾರುಕಟ್ಟೆಗೆ ಗೂಡು ಒಯ್ಯುವವರು ಚೀಲವನ್ನು ಎಂದೂ ಒತ್ತಿ ತುಂಬುವುದಿಲ್ಲ. ಒತ್ತಿದರೆ ಒಳಗಿನ ಹುಳ ಕಾವಿಗೆ ಬೆವರಿ ಗೂಡು ಕೆಡುತ್ತದೆ. ಅವಳಿಗೆ ಗೊತ್ತಿದ್ದ ಪ್ಯಾಕಿಂಗ್ ಅದೊಂದೇ.

"ಒಸಿ ಗಾಳಿ ಆಡ್ಬೇಕು ಕಣೇ. ಒತ್ತುದ್ರೆ ಬೆವರ್ತದೆ."

"ಸ್ವೆಟರ್‌ಗೆ ಜೀವ ಇಲ್ಲ ಕಣವ್ವ. ಬೆವರಾಕಿಲ್ಲ."

"ಜೀವ ಇಲ್ದೇ ಇದ್ರೆ ಬೆಚ್ಗೆ ಹೆಂಗ್ ಮಡೀಕತದೆ ಹೇಳು?"

ಉಣ್ಣೆ ತಾನಾಗಿ ಬಿಸಿಯಲ್ಲ, ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು ಎಂದು ಪ್ರತಿವರ್ಷ ಎಂಟನೇ ತರಗತಿಗೆ ಪಾಠ ಮಾಡುವವಳು ನಾನೇ. ನನ್ನದೇ ಪಾಠ ಎದುರು ಪಕ್ಷಕ್ಕೆ ಸೇರಿಕೊಂಡಿತು. ಒಂದು ಬ್ಯಾಗಿನ ಜಾಗದಲ್ಲಿ ಮೂರಾದವು.

ಮೂರನೆಯ ಚೀಲದ ತಳದಲ್ಲಿ ನನಗೆ ಸಿಕ್ಕಿತು, ನಾನು ಹೇಳಿದ ಸಾಕ್ಷ್ಯ. ಗುಲಾಬಿ ಬಣ್ಣದ ಮಂಕಿ ಟೋಪಿ, ಎರಡು ಜೊತೆ ಕಾಲುಚೀಲ. ಆಯುಧಪೂಜೆಯ ಸಾಮಾನು ತರಲು ಅವಳು ಪೇಟೆಗೆ ಹೋಗಿದ್ದ ದಿನದ ಕವರಿನಲ್ಲೇ ಇದ್ದವು. ಅಂದರೆ ಬೇಡ, ನೋಡಾಣ ಎನ್ನುತ್ತಿದ್ದ ತಿಂಗಳಲ್ಲೇ ಕೊಂಡದ್ದು! ಎತ್ತಿ ಹಿಡಿದೆ.

"ನಿಮ್ಮಪ್ಪಂಗೆ ತಂದಿದ್ದು" ಎಂದಳು, ಮುಖ ತಿರುಗಿಸದೆ.

ಅಪ್ಪ ಜಗಲಿಯಿಂದಲೇ ಹೇಳಿದ: "ನಂಗಾ? ಆ ಬಣ್ಣ ಹಾಕ್ಕಂಡ್ ಹೋದ್ರೆ ಡೈರಿಲಿ ನನ್ ಹಾಲೇ ಅಳ್ಸ್ಕಳಾಕಿಲ್ಲ. ಹೋಗ್ ಬಾರಮ್ಮಿ. ಹುಳ ನಾನ್ ನೋಡ್ಕತೀನಿ."

"ಚಂದ್ರಿಕೆಗೆ ಹುಳ ಬುಡದು ಅಂದ್ರೆ ಎಮ್ಮೆಗೆ ಹುಲ್ಲು ಎಸ್ದಂಗಲ್ಲ."

"ಗೊತ್ತು ಕಣಮ್ಮಿ. ಇಪ್ಪತ್ತೈದ್ ವರ್ಸದಿಂದ ನಿನ್ ಬೈಗುಳ ಕೇಳ್ಕಂಡ್ ಕಲ್ತಿವ್ನಿ."

ಅವ್ವ ಟೋಪಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಮತ್ತೆ ಚೀಲಕ್ಕೇ ಇಳಿಬಿಟ್ಟಳು. ಒಳ್ಳೆಯ ವಾದಿಗೆ ಮೌನದ ಸಮಯ ಗೊತ್ತಿರಬೇಕು. ನಿಜ ಹೇಳಬೇಕೆಂದರೆ ಏನಾದರೂ ಆಡಿ ಕೆಡಿಸಿಬಿಡುತ್ತೇನೆಂಬ ಭಯ. ಹೊರಡುವ ಬೆಳಗ್ಗೆ ಮೊದಲ ಹುಳಗಳು ಹಣ್ಣಾಗಿದ್ದವು. ಅವ್ವ ಸ್ನಾನ ಮಾಡಿ, ಅರ್ಧ ತಟ್ಟೆ ಹುಳ ಆರಿಸಿ, ಅಪ್ಪನಿಗೆ ಕಲಿಸಿದ್ದನ್ನೇ ಮತ್ತೆ ಕಲಿಸಿ, ನಮ್ಮೂರಿನ ಹದವಾದ ಬಿಸಿಲಿನಲ್ಲಿ ಮಂಕಿ ಟೋಪಿ ತೊಟ್ಟು ಬಸ್ಸು ಹತ್ತಿದಳು. ನೋಡಿದವರೆಲ್ಲ ನಕ್ಕರು. ಅವಳೂ ನಕ್ಕಳು. ಕಿಟಕಿಯ ಸೀಟಿಗಾಗಿ ನನ್ನನ್ನು ಮೊಣಕೈಯಲ್ಲಿ ತಿವಿದು ಒಳಗೆ ನುಗ್ಗಿದ ಆ ಹೆಂಗಸನ್ನು ನಾನು ಎಳೆದುಕೊಂಡು ಹೋದೆನಂತೆ!

ಮರುದಿನ ಮಧ್ಯಾಹ್ನ ದೆಹಲಿಯ ರೈಲಿನಲ್ಲಿ ಅಪ್ಪನ ಫೋನ್ ಬಂತು. ಎಲ್ಲ ಹುಳವೂ ಹಣ್ಣಾಗಿ ಚಂದ್ರಿಕೆ ಸೇರಿದವಂತೆ. ಒಂದೂ ಕೆಟ್ಟಿಲ್ಲವಂತೆ.

"ಹುಳ ಕತ್ತೆತ್ತಿ ಆಡುಸ್ತಿದ್ದಾಗ್ಲೇ ಬುಟ್ರಾ? ಒತ್ತೊತ್ತಾಗಿ ಬುಟ್ಟಿಲ್ಲ ತಾನೇ? ಒಲೆ ಆರುಸ್ಬೇಡಿ" ಎಂದು ಅವ್ವ ಕೇಳುತ್ತಲೇ ಹೋದಳು. ಅಪ್ಪ ಎಲ್ಲಕ್ಕೂ ಸರಿಯಾದ ಉತ್ತರವನ್ನೇ ಕೊಟ್ಟ. ಕೊನೆಗೆ ಅವನ ದನಿ ಬೋಗಿಗೆಲ್ಲ ಕೇಳಿಸಿತು: "ನೀನಿದ್ದಾಗ್ಲೂ ಇಷ್ಟ್ ಚೆಂದಾಗಿ ಕಟ್ಟಿರ್ನಿಲ್ಲ ಕಣಮ್ಮಿ!"

ಅವ್ವ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಕಿಟಕಿಯಾಚೆ ನಮಗೆ ಹೆಸರು ಗೊತ್ತಿಲ್ಲದ ಯಾವುದೋ ಬೆಳೆಯ ಹೊಲಗಳು ಓಡುತ್ತಿದ್ದವು. ಸಂತೋಷ ಪಡಬೇಕಾದವಳ ಮುಖ ಯಾಕೋ ಒಸಿ ಚಿಕ್ಕದಾಗಿತ್ತು. ತಡೆಯಲಾರದೆ ಕೇಳಿಯೇಬಿಟ್ಟೆ:

"ಅವ್ವ, ನಿಜ ಹೇಳು. ನೀನಿಲ್ದೇ ಹುಳ ಕೆಟ್ಟೋಯ್ತದೆ ಅಂತ ಭಯ ಇತ್ತಾ, ಇಲ್ಲಾ ನೀನಿಲ್ದೇನೂ ಚೆನ್ನಾಗೇ ಆಗ್ಬುಡ್ತದೆ ಅಂತ ಭಯ ಇತ್ತಾ?"